ಅಳಿಯನ ಮುಖಕ್ಕೆ ಅಪ್ಪ ಹಾಕಿದ ದೀಪ

ನಮ್ಮಪ್ಪ ಜೀವಮಾನದಲ್ಲಿ ಎರಡೇ ಸಲ ಹಟ ಹಿಡಿದದ್ದು. ಒಂದು ಸಲ ಆ ಹಳೇ ಕಾರನ್ನು ಕೊಳ್ಳುವಾಗ, ಇನ್ನೊಂದು ಸಲ ಅದರೊಳಗೆ ದೀಪ ಹಾಕುವಾಗ. ಎರಡು ಸಲವೂ ಅಮ್ಮ ಬೇಡವೆಂದಳು, ಎರಡು ಸಲವೂ ಅಪ್ಪ ಹೂಂ ಎಂದರು, ಆಮೇಲೆ ತಮಗೆ ಬೇಕಾದ್ದನ್ನೇ ಮಾಡಿದರು. ರೈಲ್ವೆಯಲ್ಲಿ ಗುಮಾಸ್ತರಾಗಿ ತಲೆ ನೆರೆಸಿಕೊಂಡವರಿಗೆ, ಮೇಲಿನವರಿಗೆ ಹೂಂ ಎಂದು ಕೆಲಸವನ್ನು ತಮ್ಮ ದಾರಿಗೆ ತಿರುಗಿಸಿಕೊಳ್ಳುವುದು ಹೊಸ ವಿದ್ಯೆಯೇನಲ್ಲ.

ಆ ಕಾರು ಸ್ವಾತಂತ್ರ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿ ಬಿಟ್ಟು ಹೋದದ್ದು. ಹಲವು ಕೈ ದಾಟಿ ಕೊನೆಗೆ ಮದರಾಸಿನ ಮೈಲಾಪೂರಿನ ನಮ್ಮ ಮನೆಯ ಮುಂದೆ ಬಂದು ನಿಂತಿತು. ಕಪ್ಪು ಬಣ್ಣ, ಎತ್ತರದ ಚಾವಣಿ. ಪೇಟ ಸುತ್ತಿಕೊಂಡವರೂ ತಲೆ ಬಗ್ಗಿಸದೆ ಒಳಗೆ ಕೂರಬಹುದಿತ್ತು. ಮೈಸೂರಿನ ಕಡೆಯಿಂದ ಬಂದ ಅಪ್ಪನಿಗೆ ಅದೊಂದೇ ಗುಣ ಸಾಕಾಯಿತು. ವಾರಕ್ಕೊಂದು ದಿನ ಅದು ಓಡುತ್ತಿತ್ತು, ಉಳಿದ ದಿನಗಳಲ್ಲಿ ಬಾದಾಮಿ ಮರದ ಕೆಳಗೆ ನಿಂತು ಅಪ್ಪನ ಕೈಯಲ್ಲಿ ಮೈ ಒರೆಸಿಕೊಳ್ಳುತ್ತಿತ್ತು. ನಮ್ಮ ಬೆನ್ನು ಉಜ್ಜುವುದಕ್ಕೆ ಎಂದೂ ಬಿಡುವಾಗದ ಮನುಷ್ಯ ಅದರ ಬೆನ್ನು ಉಜ್ಜುತ್ತಿದ್ದಾರೆಂದು ಅಮ್ಮ ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮದುವೆ ನಿಶ್ಚಯವಾಯಿತು. ಹುಡುಗ ಪ್ಯಾರೀಸ್ ಕಾರ್ನರಿನ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು, ಮನೆ ನುಂಗಂಬಾಕ್ಕಮ್ಮಿನಲ್ಲಿ. ಅವರದೂ ಕನ್ನಡದ ಮನೆಯೇ, ಆದರೆ ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರೂರಿದವರು. ಕನ್ನಡದಲ್ಲಿ ಶುರುವಾದ ಅವರ ಮಾತು ತಮಿಳಿನಲ್ಲಿ ಹೋಗಿ ಕೂರುತ್ತಿತ್ತು. ಪದ್ಧತಿಗಳೂ ಹಾಗೆಯೇ. ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ಛತ್ರದಲ್ಲಿ ವರಪೂಜೆ ಮಾಡಿದರೆ ಮುಗಿಯಿತು. ಅವರಿಗೆ ಜಾನವಾಸವೂ ಆಗಬೇಕು. ಎಂದರೆ ಗಂಡನ್ನು ದೇವಸ್ಥಾನದಿಂದ ತೆರೆದ ಕಾರಿನಲ್ಲಿ ಕೂರಿಸಿ, ನಾಗಸ್ವರ ಊದಿಸಿಕೊಂಡು, ಬೀದಿ ಬೀದಿ ಸುತ್ತಿಸಿ ಛತ್ರಕ್ಕೆ ಕರೆತರಬೇಕು.

ತೆರೆದ ಕಾರು ನಮ್ಮ ಪರಿಚಯದವರದೇ ಇದೆ, ತರಿಸುತ್ತೇವೆ ಎಂದರು ಬೀಗರು. ಅಪ್ಪ ತಟ್ಟನೆ ನೆಟ್ಟಗಾದರು. ಕಾರು ನಮ್ಮದೇ ಇರುವಾಗ ಅಳಿಯ ಇನ್ನೊಬ್ಬರ ಕಾರಿನಲ್ಲಿ ಬರುವುದು ಸಲ್ಲದು ಎಂದುಬಿಟ್ಟರು. ಬೀಗರು ಬಾದಾಮಿ ಮರದ ಕಡೆ ಒಮ್ಮೆ ನೋಡಿದರು. ನಾಲ್ಕು ಕಡೆಯೂ ಮುಚ್ಚಿದ ಕಪ್ಪು ಕಾರು.

"ಸಂಬಂಧಿ, ನಾಲ್ಕು ಮಾಡ ವೀದಿಯೋರಿಗೂ ಮಾಪ್ಪಿಳ್ಳೆ ಮುಖ ತೆರಿಯಬೇಕು. ಅದಕ್ಕೆ ತಾನೇ ಜಾನವಾಸ ಮಾಡೋದು?" ಎಂದರು. ದೇವಸ್ಥಾನದ ಸುತ್ತಿನ ನಾಲ್ಕೂ ಬೀದಿಗೆ ಅಳಿಯನ ಮುಖ ಕಾಣಬೇಕು ಎಂಬುದು ಅವರ ಬೇಡಿಕೆ. ನ್ಯಾಯವಾದದ್ದೇ.

"ಕಾಣತ್ತೆ. ಒಳಗೆ ದೀಪ ಹಾಕ್ತೀನಿ," ಎಂದರು ಅಪ್ಪ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುತ್ತಾರೆ. ಕಾರಿಗೆ ದೀಪ ಹಾಕಿ ನೋಡು ಎಂದು ಯಾರೂ ಸೇರಿಸಿಲ್ಲ, ಸೇರಿಸಬೇಕಿತ್ತು.

ಇಲ್ಲಿ ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಆ ಮುಖವನ್ನು ನಾನೇ ನೋಡಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ದೊಡ್ಡಮ್ಮ ಹಿಂದಿನಿಂದ ಬೆನ್ನು ಚಿವುಟುತ್ತ, ತಲೆ ಬಗ್ಗಿಸು, ಇನ್ನೂ ಬಗ್ಗಿಸು ಎನ್ನುತ್ತಿದ್ದಳು. ಕೇಸರಿಬಾತಿನ ತಟ್ಟೆ ಹಿಡಿದು ಹೋದವಳಿಗೆ ಕಂಡದ್ದು ಬಲಗಾಲಿನ ಹೆಬ್ಬೆರಳಿಗೆ ಸುತ್ತಿದ್ದ ಒಂದು ಬಟ್ಟೆಯ ಪಟ್ಟಿ, ತಟ್ಟೆಗೆ ಬಂದ ಒಂದು ಕೈ, ಅಷ್ಟೇ. ಕೈ ತುಪ್ಪವನ್ನು ಚೆನ್ನಾಗಿಯೇ ಬಳಿದುಕೊಂಡು ತಿಂದಿತು. ಕಳಿಸಿದ ಫೋಟೋ ಬ್ಯಾಂಕಿನವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಅದರಲ್ಲಿ ನಮ್ಮವರ ಮುಖ ಉದ್ದಿನ ಕಾಳಿನಷ್ಟು, ಅದೂ ಆ ಗಳಿಗೆಯಲ್ಲೇ ಅತ್ತ ತಿರುಗಿ ಕಲೆಸಿಹೋದದ್ದು. ದೊಡ್ಡಮ್ಮನ ಹತ್ತಿರ ಹೇಳಿಕೊಂಡರೆ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಅಂತಃಪಟ ಸರಿಸಿದ ಮೇಲೆ ಹೇಗೂ ನೋಡುತ್ತೀಯಲ್ಲ ಎಂದು ನಕ್ಕಳು. ಧಾರೆಯ ಹೊತ್ತಿನಲ್ಲಿ ಆ ತೆರೆ ಸರಿದ ಮೇಲೆ ಉಳಿಯುವ ಕೆಲಸ ಕತ್ತು ಬಗ್ಗಿಸುವುದೊಂದೇ. ಮೊದಲೇ ನೋಡಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ, ಅಂಥ ಕಾರಣವೂ ಇರಲಿಲ್ಲ. ಒಪ್ಪಿಕೊಳ್ಳುವುದನ್ನಾದರೂ ಕಣ್ಣಾರೆ ನೋಡಿ ಒಪ್ಪಿಕೊಳ್ಳಬೇಕು ಎಂಬ ಆಸೆ, ಅಷ್ಟೇ. ರಾತ್ರಿ ಮಲಗಿದರೆ ಆ ಹೆಬ್ಬೆರಳೇ ಕಣ್ಣ ಮುಂದೆ ಬರುತ್ತಿತ್ತು.

ಅಪ್ಪ ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿ, ಗುಮ್ಮಟದ ಹಾಗೆ ಉಬ್ಬಿದ ಒಂದು ಗಾಜಿನ ದೀಪ ತಂದರು. ಡೋಮ್ ಲೈಟ್ ಎಂದು ಅದನ್ನು ಕರೆಯುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಕಾರಿನಲ್ಲಿ ಮೊದಲೇ ಒಂದು ಇತ್ತಂತೆ, ಬಾಗಿಲು ತೆಗೆದರೆ ಹತ್ತುವುದು, ಮುಚ್ಚಿದರೆ ಆರುವುದು. ದೊರೆಸಾನಿ ಇಳಿಯುವಾಗ ಕಾಲಿಡುವ ಜಾಗ ಕಾಣಲಿ ಎಂದು ಮಾಡಿದ್ದು. ನಮ್ಮ ಅಳಿಯ ಬಾಗಿಲು ತೆರೆದುಕೊಂಡು ಊರು ಸುತ್ತುವಂತಿಲ್ಲವಲ್ಲ. ಅದಕ್ಕೆ ಅಪ್ಪ ಬ್ಯಾಟರಿಯಿಂದ ಬೇರೆಯೇ ತಂತಿ ಎಳೆದು, ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಸ್ವಿಚ್ಚು ಕೂರಿಸಿದರು.

ತಂತಿಯನ್ನು ಚಾವಣಿಯ ಬಟ್ಟೆಯ ಒಳಗಿನಿಂದ ಒಯ್ಯಬೇಕಿತ್ತು. ಬಟ್ಟೆಗೆ ಕೈ ಹಾಕಿದ್ದೇ ತಡ, ಅದು ಹಳೇ ಹಪ್ಪಳದ ಹಾಗೆ ಪುಡಿಯಾಗಿ ಅಪ್ಪನ ತಲೆಯ ಮೇಲೆ ಬಿತ್ತು. ತುಕ್ಕು ಹಿಡಿದ ತಗಡಿನ ಕೆಳಗೆ ಅಳಿಯನನ್ನು ಕೂರಿಸುವುದು ಹೇಗೆ? ದೀಪವೇ ಬೇಡವೆಂದಿದ್ದ ಅಮ್ಮ ಮೂರು ದಿನ ಗೊಣಗಿ, ಕೊನೆಗೆ ಟ್ರಂಕಿನ ತಳದಿಂದ ಅಪ್ಪನ ಮದುವೆಯ ರೇಷ್ಮೆ ಪಂಚೆಯನ್ನೇ ತೆಗೆದು ಕೊಟ್ಟಳು. ಅದನ್ನು ಬಿಗಿದು ಹೊಲಿದ ಮೇಲೆ ಚಾವಣಿಯ ನಡುವೆ ಉದ್ದಕ್ಕೂ ಜರಿಯಂಚು ಓಡಿತು. ಅಪ್ಪ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದರು.

ಒಂದೇ ತಂತಿ ಎಳೆದದ್ದು ಅಮ್ಮನಿಗೆ ಸರಿಬರಲಿಲ್ಲ. ಮನೆಯ ದೀಪಕ್ಕೆ ಎರಡು ತಂತಿ ಬೇಕು, ಇದಕ್ಕೆ ಒಂದೇ ಹೇಗೆ ಸಾಕು? ಕಾರಿನ ಕಬ್ಬಿಣದ ಮೈಯೇ ಎರಡನೆಯ ತಂತಿ ಎಂದು ಅಪ್ಪ ವಿವರಿಸಿದರು. ವಿವರಿಸಬಾರದಿತ್ತು. ಮೈಯೆಲ್ಲ ಕರೆಂಟು ಹರಿಯುವ ಕಾರಿನಲ್ಲಿ ಅಮ್ಮ ಅಂದಿನಿಂದ ಮರದ ಮಣೆ ಹಾಕಿಕೊಂಡೇ ಕೂತಳು, ಕಾಲನ್ನೂ ಮೇಲೆತ್ತಿಕೊಂಡು.

ಮದುವೆಗೆ ಕೆಲವು ದಿನ ಇದ್ದಾಗ, ಒಂದು ಮುಸ್ಸಂಜೆ, ಅಪ್ಪ ದೀಪವನ್ನು ಪರೀಕ್ಷೆ ಮಾಡಿದರು. ಗಂಡಿನ ಜಾಗದಲ್ಲಿ ಕೂರುವುದಕ್ಕೆ ಒಂದು ಮುಖ ಬೇಕಿತ್ತು. ಸಿಕ್ಕಿದವಳು ನಾನು. ಹಿಂದಿನ ಸೀಟಿನ ನಡುವೆ ನನ್ನನ್ನು ಕೂರಿಸಿ, ಬಾಗಿಲು ಹಾಕಿ, ದೀಪ ಹತ್ತಿಸಿ, ಅಪ್ಪ ಕಾರಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದರು. ಗದ್ದ ಎತ್ತು, ಎಡಕ್ಕೆ ತಿರುಗು, ಸ್ವಲ್ಪ ನಗು. ಬೀದಿ ಬೀದಿಯೇ ಬಂದು ನಿಂತಿತೆಂದು ಗದ್ದಲದಿಂದಲೇ ಗೊತ್ತಾಗುತ್ತಿತ್ತು. ನನಗೆ ಮಾತ್ರ ಒಬ್ಬರೂ ಕಾಣಲಿಲ್ಲ. ದೀಪದ ಕೆಳಗೆ ಕೂತವರಿಗೆ ಗಾಜಿನಲ್ಲಿ ಕಾಣುವುದು ತಮ್ಮದೇ ಮುಖ, ಆಚೆ ಎಲ್ಲ ಕತ್ತಲೆ. ಆ ಗಾಜಿನಲ್ಲೇ ನಾನು ನನ್ನನ್ನು ನೋಡಿಕೊಂಡು ಬೆಚ್ಚಿದೆ. ಬೆಳಕು ನೆತ್ತಿಯ ಮೇಲಿನಿಂದ ನೇರವಾಗಿ ಇಳಿದು, ಮೂಗಿನ ನೆರಳು ತುಟಿಯ ಮೇಲೆ ಬಿದ್ದು, ನನಗೆ ಪೊಗದಸ್ತಾದ ಮೀಸೆ ಬಂದಿತ್ತು.

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಆ ನಗೆಯನ್ನು ನಾನು ಮನಸ್ಸಿನಲ್ಲೇ ಶಪಿಸಿದೆ.

ಜನ ಚದುರಿದ ಮೇಲೆ ಅಪ್ಪ ಪೆಚ್ಚಾಗಿ ಮುಂದಿನ ಸೀಟಿನಲ್ಲಿ ಕೂತರು. ಅಳಿಯನಿಗೂ ಹೀಗೇ ಆದರೆ ಬೀಗರ ಮುಂದೆ ಮಾನ ಹೋಗುತ್ತದೆ, ನಾಲ್ಕೂ ಬೀದಿಯವರಿಗೆ ಮುಖ ಸರಿಯಾಗಿ ಕಾಣಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

"ನಾಲ್ಕು ಬೀದಿಯೋರು ಹಾಗಿರ್ಲಿ ಅಪ್ಪ. ನಾನೇ ಇನ್ನೂ ಅವರ ಮುಖ ನೋಡಿಲ್ಲ," ಎಂದೆ.

ಅಪ್ಪ ತಿರುಗಿ ನೋಡಿದರು. ಸ್ವಿಚ್ಚು ಒತ್ತಿ ದೀಪ ಆರಿಸಿದರು. ಮಾರನೆಯ ದಿನ ಮತ್ತೆ ಮೂರ್ ಮಾರ್ಕೆಟ್ಟಿಗೆ ಹೋಗಿ ಇನ್ನೆರಡು ಗುಮ್ಮಟ ತಂದು, ಎರಡು ಪಕ್ಕಕ್ಕೂ ಕೂರಿಸಿದರು. ನೆರಳು ಹೋಯಿತು, ಮೀಸೆಯೂ ಹೋಯಿತು. ಎಡಗಡೆಯದನ್ನು ಮಾತ್ರ ಯಾಕೆ ಅಷ್ಟು ಕೆಳಗೆ, ಓರೆಯಾಗಿ ಹಾಕಿದ್ದೀರಿ ಎಂದು ಅಮ್ಮ ಕೇಳಿದ್ದಕ್ಕೆ, ಕಾರು ಛತ್ರದ ಮುಂದೆ ಬರುವಾಗ ಮಹಡಿಯ ಕಿಟಕಿ ಎಡಗಡೆಗೆ ಬರುತ್ತದೆ ಎಂದರು. ಅಮ್ಮನಿಗೆ ಅರ್ಥವಾಗಲಿಲ್ಲ. ಹೆಣ್ಣಿನ ಕೋಣೆ ಆ ಮಹಡಿಯಲ್ಲೇ. ನನಗೆ ಅರ್ಥವಾಗಿ, ಅಡಿಗೆಮನೆಗೆ ಹೋಗಿ ಒಬ್ಬಳೇ ಅತ್ತೆ. ನಮ್ಮಪ್ಪ ಮುದ್ದು ಮಾಡಿ ಮಾತಾಡಿದವರಲ್ಲ. ಅವರ ಮುದ್ದು ಹೀಗೆ ಎಲ್ಲೋ ತಂತಿಯ ತುದಿಯಲ್ಲಿ ಹತ್ತಿಕೊಳ್ಳುತ್ತಿತ್ತು.

ಜಾನವಾಸದ ದಿನ ಭಾನುವಾರ. ನಾಲ್ಕೂವರೆಗೆ ರಾಹುಕಾಲ ಶುರು. ಮೆರವಣಿಗೆ ಕತ್ತಲಾದ ಮೇಲೆ, ಆದರೆ ಶುಭಕ್ಕೆ ಹೊರಡುವ ಕಾರು ರಾಹುಕಾಲದಲ್ಲಿ ಮನೆ ಬಿಡಬಾರದೆಂದು ಅಮ್ಮ ನಾಲ್ಕಕ್ಕೇ ಹೊರಡಿಸಿದಳು. ಹೊರಡಿಸುವ ಮೊದಲು ಮೂರೂ ಗುಮ್ಮಟಕ್ಕೆ ಅರಿಸಿನ ಕುಂಕುಮ ಇಟ್ಟಳು. ದೇವರಮನೆಯ ನಂದಾದೀಪಕ್ಕೆ ಕೈ ಮುಗಿದು ಬಂದು, ಅಪ್ಪನ ಕೈಯಲ್ಲಿ ಸ್ವಿಚ್ಚು ಒತ್ತಿಸಿದಳು. ಇನ್ನೂ ಇಳಿಯದ ಬಿಸಿಲಿನಲ್ಲಿ ಮೂರು ದೀಪ ಹತ್ತಿದವು. ಎಲ್ಲರೂ ಕೈ ಮುಗಿದರು. ಆಮೇಲೆ ಅಪ್ಪ ಆರಿಸಲು ಹೋದರು.

"ಶುಭಕ್ಕೆ ಹಚ್ಚಿದ ದೀಪ ಆರಿಸೋದುಂಟೇನ್ರೀ? ಅಳಿಯ ಛತ್ರದ ಒಳಗೆ ಕಾಲಿಡೋತನಕ ಅದು ಉರೀತಿರ್ಲಿ," ಎಂದಳು ಅಮ್ಮ.

ಬ್ಯಾಟರಿ ಇಳಿಯುತ್ತದೆ ಕಣೇ ಎಂದು ಅಪ್ಪ ಎರಡು ಮಾತು ಹೇಳಿ ನೋಡಿದರು. ಎಣ್ಣೆ ಮುಗಿದರೆ ಎಣ್ಣೆ ಹಾಕುವುದಿಲ್ಲವೇ ಎಂದು ಅಮ್ಮ ಕೇಳಿದಳು. ಬ್ಯಾಟರಿಗೆ ಎಣ್ಣೆ ಹಾಕುವುದು ಹೇಗೆಂದು ಹೇಳಲಾರದೆ ಅಪ್ಪ ಹೂಂ ಎಂದರು. ಬೀದಿಯ ತಿರುವು ದಾಟಿದ ಮೇಲೆ ಆರಿಸಿಬಿಡುತ್ತಾರೆ, ಎಂದಿನ ಹೂಂ ಇದು ಎಂದು ನಾನೂ ಅಂದುಕೊಂಡೆ. ಅಂದು ಮಾತ್ರ ಅಪ್ಪ ಆರಿಸಲಿಲ್ಲ. ದೇವಸ್ಥಾನದ ಮುಂದೆ ಕಾರು ನಿಲ್ಲಿಸಿಕೊಂಡು ಕೂತವರ ಕೈ ಹಲವು ಸಲ ಸ್ವಿಚ್ಚಿನ ತನಕ ಹೋಯಿತಂತೆ. ಹೋದಾಗಲೆಲ್ಲ ಮಗಳ ಬಾಳು ನೆನಪಿಗೆ ಬಂದು ಕೈ ಹಿಂದೆ ಬಂತಂತೆ. ಬಹಳ ವರ್ಷದ ಮೇಲೆ ಅದನ್ನು ನನಗೆ ಹೇಳುವಾಗಲೂ ಅಪ್ಪ ಬೇರೆ ಕಡೆ ನೋಡುತ್ತಿದ್ದರು.

ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಆ ಬೆಳಕೆಲ್ಲ ಬಿಸಿಲಿನಲ್ಲಿ ಕರಗಿತು. ಗಂಡಿನ ಕಡೆಯವರು ಬಂದದ್ದು ತಡ, ಪೂಜೆ ಮುಗಿದದ್ದು ಇನ್ನೂ ತಡ. ಕಾರು ಕೆಮ್ಮಿ ಕೆಮ್ಮಿ ಹೇಗೋ ಸ್ಟಾರ್ಟ್ ಆಯಿತು. ನಾಗಸ್ವರದವರು ಮುಂದೆ, ಅವರ ಹಿಂದೆ ಆಮೆಯ ನಡಿಗೆಯಲ್ಲಿ ಕಾರು. ವೇಗವಾಗಿ ಓಡಿದರೆ ಮಾತ್ರ ಬ್ಯಾಟರಿ ತುಂಬುವುದು. ಜಾನವಾಸದಲ್ಲಿ ವೇಗವಾಗಿ ಓಡಿಸಿದರೆ ಗಂಡನ್ನು ಕದ್ದೊಯ್ದ ಹಾಗಾಗುತ್ತದೆ.

ನಾನು ಛತ್ರದ ಮಹಡಿಯ ಕಿಟಕಿಯಲ್ಲಿದ್ದೆ. ಪಕ್ಕದಲ್ಲಿ ದೊಡ್ಡಮ್ಮ. ಅಂದು ಅವಳೂ ತಲೆ ಬಗ್ಗಿಸು ಎನ್ನಲಿಲ್ಲ. ಮೆರವಣಿಗೆ ತಿರುವಿನಲ್ಲಿ ಕಾಣಿಸಿತು. ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರ ಸಾಲು, ಅದರ ಹಿಂದೆ ನಮ್ಮ ಕಾರು. ಒಳಗಿನ ದೀಪಗಳು ಬೆಳ್ಳಗಿರಲಿಲ್ಲ, ಎಣ್ಣೆ ತೀರಿದ ಹಣತೆಯ ಬತ್ತಿಯ ಹಾಗೆ ಕೆಂಪಾಗಿದ್ದವು. ಒಂದು ಹಾರ, ಒಂದು ಕೋಟಿನ ತೋಳು ಕಂಡವು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ನಾನು ಕಿಟಕಿಯ ಸರಳು ಹಿಡಿದು ಬಗ್ಗಿದೆ. ಸರಿಯಾಗಿ ನಮ್ಮ ಕಿಟಕಿಯ ಕೆಳಗೆ ಬರುವ ಹೊತ್ತಿಗೆ ಮೂರೂ ದೀಪ ಒಟ್ಟಿಗೆ ಆರಿದವು. ಕಾರು ಒಮ್ಮೆ ಮೈ ಕೊಡವಿ ನಿಂತಿತು. ನಾಗಸ್ವರವೂ ನಿಂತಿತು.

ಮದುವೆಯ ಹಿಂದಿನ ದಿನ, ಛತ್ರದ ಎದುರಿಗೇ, ದೀಪ ಆರುವುದು. ಹೆಂಗಸರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ಅಮ್ಮ ಅದರ ದೀಪಕ್ಕೆ ಸೆರಗು ಮರೆ ಮಾಡಿದಳು. ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿ ಎಬ್ಬಿಸೋಣವೆಂದರೆ ಅದರ ತೂತಿನ ಮೇಲೆ ಬಾಳೆಕಂದು ಕಟ್ಟಿ ಹೂವಿನ ತಟ್ಟಿ ಹೊಲಿದಿದ್ದರು. ಅಪ್ಪ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಮುಂದಿನ ಗಾಜಿನಿಂದ ಬಿದ್ದ ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಅಷ್ಟು ಮೇಲಿನಿಂದಲೂ, ಅವರ ಭುಜ ಕುಸಿದದ್ದು ನನಗೆ ಕಂಡಿತು. ಮುಖ ಕಾಣದಿದ್ದರೆ ಹೋಗಲಿ, ನಮ್ಮಪ್ಪನಿಗೆ ಈ ಅವಮಾನ ಬೇಡವಾಗಿತ್ತು.

ಆಗ ಹಿಂದಿನ ಬಾಗಿಲು ತೆರೆಯಿತು. ಛತ್ರದ ಬಾಗಿಲು ಮುಟ್ಟುವ ಮೊದಲು ಗಂಡು ಕೆಳಗೆ ಕಾಲಿಡುವ ಪದ್ಧತಿ ಯಾವ ಊರಿನಲ್ಲೂ ಇಲ್ಲ. ಕಾಲಿಟ್ಟರು. ಹಾರ ತೆಗೆದು ಸೀಟಿನ ಮೇಲಿಟ್ಟು, ಕೋಟು ಬಿಚ್ಚಿ ತಮ್ಮ ತಂದೆಯ ಕೈಗೆ ಕೊಟ್ಟು, ಕಾರಿನ ಹಿಂದಕ್ಕೆ ನಡೆದರು.

"ಮಾವ, ನೀವು ಸೆಕೆಂಡ್ ಗೇರಲ್ಲಿ ಇಟ್ಟುಕೊಳ್ಳಿ. ನಾನು ತಳ್ಳುತೀನಿ," ಎಂದರು.

ನಮ್ಮಪ್ಪನನ್ನು ಅವರು ಮಾವ ಎಂದದ್ದು ಅದೇ ಮೊದಲು. ತಳ್ಳುವವರಿಗೆ ಕಾಣಲಿ ಎಂದು ಗ್ಯಾಸ್‌ಲೈಟಿನವನೊಬ್ಬ ಹತ್ತಿರ ಬಂದ. ಆ ಬೆಳಕಿನಲ್ಲಿ, ತೋಳು ಮಡಿಸಿಕೊಂಡು, ಕಾರಿನ ಬೆನ್ನಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ತಳ್ಳುತ್ತಿದ್ದವರ ಮುಖವನ್ನು ನಾನು ನೋಡಿದೆ. ಮೊದಲು ನೋಡಿದ ಮುಖ ಸೊಟ್ಟಗಾಗಿತ್ತೆಂದು ಇಂದಿಗೂ ಅವರನ್ನು ಛೇಡಿಸುತ್ತೇನೆ. ಆದರೆ ಚಕ್ರ ಉರುಳತೊಡಗಿದಾಗ ಆ ಮುಖ ನಕ್ಕಿತು. ಹಣೆಯ ಮೇಲೆ ಮಸಿ, ಕೆದರಿದ ಕೂದಲು, ಕೊಂಚ ದೊಡ್ಡದೇ ಎನ್ನಬೇಕಾದ ಮೂಗು. ನನಗೆ ಸಾಕೆನ್ನಿಸಿತು. ಒಪ್ಪಿದ್ದೇನೆ ಎಂದು ಕಿಟಕಿಯ ಸರಳಿಗೆ ಹೇಳಿದೆ. ದೊಡ್ಡಮ್ಮ ಕೇಳಿಸಿಕೊಂಡು, ಕೇಳಿಸದ ಹಾಗೆ ಇದ್ದಳು.

ಬೀಗರೂ ಕೋಟನ್ನು ಹೆಗಲಿಗೆ ಹಾಕಿಕೊಂಡು ಕೈ ಕೊಟ್ಟರು. ಕಾರು ಒಮ್ಮೆ ಜಿಗಿದು, ಗುಡುಗಿ, ಎದ್ದಿತು. ನಿಲ್ಲಿಸಿದರೆ ಮತ್ತೆ ಸಾಯುತ್ತದೆಂದು ಅಪ್ಪ ಆಕ್ಸಿಲರೇಟರ್ ಒತ್ತಿದ್ದೇ ಒತ್ತಿದ್ದು. ಮೂರೂ ದೀಪಗಳು ಭಗ್ಗೆಂದು ಬೆಳಗಿದವು. ಜರಿಯಂಚು, ಹೂವಿನ ಹಾರ, ಸೀಟು ಎಲ್ಲ ಅರಮನೆಯ ಹಾಗೆ ಥಳಥಳಿಸಿದವು, ಒಳಗೆ ಗಂಡು ಮಾತ್ರ ಇರಲಿಲ್ಲ. ಬೆಳಗುವ ಖಾಲಿ ಸೀಟು ಮುಂದೆ, ಅದರ ಹಿಂದೆ ಓಡುವ ಗಂಡು, ಅವರ ಹಿಂದೆ ಓಡುವ ಬೀಗರು, ಎಲ್ಲರ ಹಿಂದೆ ತಾಳ ತಪ್ಪಿದ ನಾಗಸ್ವರ. ಹೀಗೆ ನಮ್ಮ ಜಾನವಾಸ ಛತ್ರದ ಬಾಗಿಲು ತಲುಪಿತು. ಅಮ್ಮ ಗಾಬರಿಯಲ್ಲಿ ಖಾಲಿ ಸೀಟಿಗೆ ಅರ್ಧ ಆರತಿ ಎತ್ತಿದಳು. ಉಳಿದರ್ಧ ಏದುಸಿರು ಬಿಡುತ್ತ ಬಂದ ಅಳಿಯನಿಗೆ ಸಿಕ್ಕಿತು. ದೀಪ ಆರಿರಲೇ ಇಲ್ಲ, ಸ್ವಲ್ಪ ದಣಿವಾರಿಸಿಕೊಂಡಿತು ಎಂದು ಅವಳು ಅಂದೇ ತೀರ್ಪು ಕೊಟ್ಟಳು. ಬೀಗರ ಮನೆಯ ಹೆಂಗಸರೂ ತಲೆಯಾಡಿಸಿದರು.

ಮದುವೆ ಮುಗಿದು ನನ್ನನ್ನು ಗಂಡನ ಮನೆಗೆ ಕಳಿಸಿದ್ದೂ ಅದೇ ಕಾರಿನಲ್ಲಿ, ಒಂದು ಮುಸ್ಸಂಜೆ. ಬ್ಯಾಟರಿಯನ್ನು ಅಪ್ಪ ಹೊಸದಾಗಿ ತುಂಬಿಸಿದ್ದರು. ಅಮ್ಮ ಅಳುತ್ತಲೇ ದೀಪ ಹತ್ತಿಸಿದಳು. ಅಪ್ಪ ಮುಂದೆ, ನಾವಿಬ್ಬರೂ ಹಿಂದೆ. ನಾನು ರೂಢಿಯಂತೆ ತಲೆ ಬಗ್ಗಿಸಿ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಗಾಯ ವಾಸಿಯಾಗಿತ್ತು. ಮೌಂಟ್ ರೋಡು ದಾಟಿದ ಮೇಲೆ ಅವರು ಮೇಲಿನ ಜರಿಯಂಚನ್ನು ನೋಡುತ್ತ ಮೆಲ್ಲಗೆ ಕೇಳಿದರು.

"ಈಗ ಮೀಸೆ ಇಲ್ಲವಲ್ಲ, ಎಲ್ಲಿ ಹೋಯ್ತು?"

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಮುಂದಿನ ಸೀಟಿನಿಂದ ಅಪ್ಪ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಅದು ಒಂದೇ ದೀಪ ಇದ್ದ ದಿನದ ತಾಪತ್ರಯ, ಪಕ್ಕದ ದೀಪ ಹಾಕಿದ ಮೇಲೆ ಸರಿಹೋಯಿತು ಎಂದು ವಿವರಿಸಿದರು. ವಿವರಿಸಿ ಮುಗಿಸಿದ ಮೇಲೆ ಅವರಿಗೂ ಹೊಳೆದು, ಖಾಲಿ ರಸ್ತೆಗೆ ಒಮ್ಮೆ ಹಾರ್ನ್ ಒತ್ತಿದರು. ಒಂದೇ ದೀಪ ಇದ್ದದ್ದು ಒಂದೇ ಸಂಜೆ. ಆ ಸಂಜೆ ಕತ್ತಲೆಯಲ್ಲಿ ಕಿಸಕ್ಕನೆ ನಕ್ಕದ್ದು ಯಾರೆಂದು ನನಗೂ ಆಗ ಹೊಳೆಯಿತು. ಹೆಣ್ಣು ನೋಡಲು ಬಂದ ದಿನ ಬಗ್ಗಿಸಿದ ತಲೆಯ ಬೈತಲೆಯೊಂದನ್ನು ಬಿಟ್ಟು ಅವರಿಗೂ ಏನೂ ಕಂಡಿರಲಿಲ್ಲವಂತೆ. ತಾಳಲಾರದೆ ಬ್ಯಾಂಕಿನಿಂದ ಸೈಕಲ್ಲು ತುಳಿದುಕೊಂಡು ಬಂದು, ನಮ್ಮ ಬೀದಿಯ ಬೀಡಾ ಅಂಗಡಿಯ ಪಕ್ಕದಲ್ಲಿ ನಿಂತಿದ್ದರಂತೆ. ನಿಂತವರ ಎದುರಿಗೇ ನಮ್ಮಪ್ಪ ನನ್ನನ್ನು ದೀಪದ ಕೆಳಗೆ ಕೂರಿಸಿ, ಗದ್ದ ಎತ್ತಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ್ದರು.

"ಮೀಸೆ ಇದ್ದರೂ ಪರವಾಯಿಲ್ಲ ಅಂದುಕೊಂಡೇ ಸೈಕಲ್ ಹತ್ತಿದೆ," ಎಂದರು ನಮ್ಮವರು.

ನಾನು ತಲೆ ಎತ್ತಿ ಅವರನ್ನು ನೋಡಿದೆ. ಮೂರು ದೀಪದ ಬೆಳಕಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ನುಂಗಂಬಾಕ್ಕಮ್ ಬರುವ ತನಕ ನೋಡಿದೆ. ಅಪ್ಪ ಒಮ್ಮೆಯೂ ಹಿಂದೆ ತಿರುಗಲಿಲ್ಲ, ದೀಪವನ್ನೂ ಆರಿಸಲಿಲ್ಲ.